ಜಿಎಸ್‌ಟಿಎಂ1 ಇಲ್ಲವೆಂದು ವರದಿ ಬಂದಿದೆ: ಅಂಡಾಶಯದ ಕ್ಯಾನ್ಸರಿಗೆ ಎಷ್ಟು ಹೆದರಬೇಕು?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ 34 ವರ್ಷ. ಜಾಹೀರಾತು ನೋಡಿ, ಜೊಲ್ಲಿನ ಮಾದರಿಯನ್ನು ಕೊರಿಯರ್ ಮಾಡಿ ಒಂದು ಜೀನ್ ಪರೀಕ್ಷೆ ಮಾಡಿಸಿಕೊಂಡಿದ್ದಾಳೆ. ಬಂದ ವರದಿಯಲ್ಲಿ ‘ಜಿಎಸ್‌ಟಿಎಂ1: ಇಲ್ಲ’, ‘ಜಿಎಸ್‌ಟಿಟಿ1: ಇದೆ’, ‘ಎನ್‌ಎಟಿ2: ನಿಧಾನ’ ಎಂದು ಬರೆದು, ಪಕ್ಕದಲ್ಲಿ ಕೆಂಪು ಪಟ್ಟಿ ಎಳೆದು, ‘ನಿರ್ವಿಷೀಕರಣ ಸಾಮರ್ಥ್ಯ ಕಡಿಮೆ, ಅಂಡಾಶಯದ ಕ್ಯಾನ್ಸರಿನ ಅಪಾಯ ಹೆಚ್ಚು’ ಎಂದಿದ್ದಾರೆ. ಕೊನೆಯ ಪುಟದಲ್ಲಿ ಮೂರು ತಿಂಗಳ ‘ಡಿಟಾಕ್ಸ್’ ಪುಡಿಯ ಸಲಹೆಯೂ ಇದೆ. ನಮ್ಮ ತಂದೆಯ ತಂಗಿಗೆ 48ನೇ ವಯಸ್ಸಿನಲ್ಲಿ ಅಂಡಾಶಯದ ಕ್ಯಾನ್ಸರ್ ಆಗಿತ್ತು. ಶಸ್ತ್ರಚಿಕಿತ್ಸೆ, ಕೀಮೋ ಎಲ್ಲ ಮುಗಿದು ಈಗ ಹುಷಾರಾಗಿದ್ದಾರೆ. ಈ ಹಿನ್ನೆಲೆಯಿಂದಾಗಿ ತಂಗಿಗೆ ನಿದ್ದೆ ಹತ್ತುತ್ತಿಲ್ಲ. ಈ ಜೀನುಗಳು ತಯಾರಿಸುವ ಕಿಣ್ವಗಳಿಗೂ ಅಂಡಾಶಯದ ಕ್ಯಾನ್ಸರಿಗೂ ನಿಜವಾಗಿ ಸಂಬಂಧವಿದೆಯೇ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಸಂಶಯಪ್ರಿಯ
ಕೊನೆಯ ಪುಟದಲ್ಲಿ ಪುಡಿ ಮಾರುವವರ ವರದಿಯನ್ನು ಮೊದಲ ಪುಟದಿಂದಲೇ ಅನುಮಾನದಿಂದ ಓದಬೇಕು.

ಪ್ರಯೋಗಶಾಲೆಯ ಮೂಲೆ
ಸಂಶಯಪ್ರಿಯರ ಮಾತು ಸರಿ, ಆದರೆ ವರದಿಯಲ್ಲಿರುವ ಜೀನುಗಳು ಕಟ್ಟುಕತೆಯಲ್ಲ. ನಾನು ಕೆಲವು ವರ್ಷ ಇಂಥ ಮಾದರಿಗಳನ್ನೇ ಪರೀಕ್ಷಿಸುತ್ತಿದ್ದವನು, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಹೊಗೆ, ಔಷಧ, ಕರಿದ ಆಹಾರ, ನಮ್ಮದೇ ದೇಹದ ಈಸ್ಟ್ರೋಜನ್ ಹಾರ್ಮೋನು, ಇವೆಲ್ಲವನ್ನೂ ದೇಹ ಸ್ಥೂಲವಾಗಿ ಎರಡು ಹಂತಗಳಲ್ಲಿ ಹೊರಹಾಕುತ್ತದೆ. ಮೊದಲ ಹಂತದಲ್ಲಿ ಸಿವೈಪಿ1ಎ1, ಸಿವೈಪಿ1ಬಿ1 ಮುಂತಾದ ಕಿಣ್ವಗಳು ಅಣುವಿಗೆ ಆಮ್ಲಜನಕವನ್ನು ಸೇರಿಸುತ್ತವೆ. ಎರಡನೆಯ ಹಂತದಲ್ಲಿ ಜಿಎಸ್‌ಟಿ ಕುಟುಂಬದ ಕಿಣ್ವಗಳು ಗ್ಲುಟಾಥಯೋನ್ ಎಂಬ ಸಣ್ಣ ಅಣುವನ್ನು ಅಂಟಿಸಿ, ಎನ್‌ಎಟಿ2 ಅಸಿಟೈಲ್ ಗುಂಪನ್ನು ಸೇರಿಸಿ, ಸಿಒಎಂಟಿ ಮೀಥೈಲ್ ಗುಂಪನ್ನು ಸೇರಿಸಿ ಆ ಅಣುವಿನ ಉಪಟಳವನ್ನು ತಗ್ಗಿಸುತ್ತವೆ. ಒಂದನೆಯ ವರ್ಣತಂತುವಿನಲ್ಲಿರುವ ಜಿಎಸ್‌ಟಿಎಂ1 ಜೀನಿನ ವಿಶೇಷವೆಂದರೆ, ಅನೇಕರಲ್ಲಿ ಅದು ಕೆಟ್ಟಿರುವುದಲ್ಲ, ಎರಡೂ ಪ್ರತಿಗಳು ಪೂರ್ತಿಯಾಗಿ ಕಾಣೆಯಾಗಿರುತ್ತವೆ. ಯುರೋಪಿನ ಮೂಲದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅದು ಇಲ್ಲ. ದಕ್ಷಿಣ ಭಾರತದಲ್ಲಿ ಅಂಥವರು ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿದ್ದಾರೆ. ಜಿಎಸ್‌ಟಿಟಿ1 ಇಲ್ಲದವರು ಅದಕ್ಕಿಂತಲೂ ಕಡಿಮೆ. ನಿಮ್ಮ ಊರಿನ ಬಸ್ಸಿನಲ್ಲಿ ಕುಳಿತ ಪ್ರತಿ ಮೂವರಲ್ಲಿ ಒಬ್ಬರ ವರದಿಯಲ್ಲೂ ಇದೇ ಕೆಂಪು ಪಟ್ಟಿ ಇರುತ್ತದೆ ಎಂದುಕೊಳ್ಳಿ.

ತುಂಗಾತೀರ
ಮೂವರಲ್ಲಿ ಒಬ್ಬರೇ? ಇದನ್ನು ವರದಿಯಲ್ಲಿ ಎಲ್ಲೂ ಹೇಳಿಲ್ಲ.

ಸಂಶಯಪ್ರಿಯ
ಹೇಳಿದರೆ ಪುಡಿ ಮಾರಾಟವಾಗುವುದು ಹೇಗೆ?

ನೇತ್ರಾವತಿ ಕಣಿವೆ
ಸಾಮಾನ್ಯವಾದದ್ದೆಲ್ಲ ನಿರುಪದ್ರವಿ ಎಂದು ತೀರ್ಮಾನಿಸಲಾಗದು. ಮೂತ್ರಕೋಶದ ಕ್ಯಾನ್ಸರನ್ನೇ ನೋಡಿ. ಜಿಎಸ್‌ಟಿಎಂ1 ಇಲ್ಲದವರಿಗೆ ಅಪಾಯ ಸುಮಾರು ಒಂದೂವರೆ ಪಟ್ಟು ಎಂಬುದು ಸ್ಪೇನಿನ ದೊಡ್ಡ ಅಧ್ಯಯನದಲ್ಲಿಯೂ ಬೇರೆ ಕಡೆಗಳಲ್ಲಿಯೂ ಮತ್ತೆ ಮತ್ತೆ ದೃಢಪಟ್ಟಿದೆ. ಎನ್‌ಎಟಿ2 ನಿಧಾನವಾಗಿರುವವರು ಸಿಗರೇಟು ಸೇದಿದರೆ ಅಪಾಯ ಇನ್ನೂ ಹೆಚ್ಚುತ್ತದೆ. ಹೊಗೆಯಲ್ಲಿರುವ ಆರೊಮ್ಯಾಟಿಕ್ ಅಮೀನುಗಳು ಮೂತ್ರದ ಮೂಲಕವೇ ಹೊರಹೋಗಬೇಕಾದ್ದರಿಂದ ಅಲ್ಲಿ ಕಾರಣ-ಪರಿಣಾಮಗಳ ಸರಪಳಿ ಸ್ಪಷ್ಟವಾಗಿದೆ. ಒಂದು ಅಂಗದಲ್ಲಿ ನಿಜವಾದದ್ದು ಇನ್ನೊಂದರಲ್ಲಿ ಇರಬಹುದೆಂದು ವಿಜ್ಞಾನಿಗಳು ಊಹಿಸಿದ್ದರಲ್ಲಿ ತಪ್ಪೇನಿದೆ?

ಪ್ರಯೋಗಶಾಲೆಯ ಮೂಲೆ
ಊಹಿಸಿದ್ದರಲ್ಲಿ ತಪ್ಪಿಲ್ಲ, ಊಹೆ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. 1990ರ ದಶಕದ ಮಧ್ಯದಿಂದ ಹಲವು ತಂಡಗಳು ಅಂಡಾಶಯದ ಕ್ಯಾನ್ಸರಿನಲ್ಲಿ ಜಿಎಸ್‌ಟಿಎಂ1, ಜಿಎಸ್‌ಟಿಟಿ1, ಜಿಎಸ್‌ಟಿಪಿ1, ಇಪಿಎಚ್‌ಎಕ್ಸ್1 (ಇಂಥದೇ ಇನ್ನೊಂದು ಕಿಣ್ವದ ಜೀನು), ಎನ್‌ಎಟಿ2 ಇವುಗಳನ್ನು ಹುಡುಕುತ್ತ ಹೋದವು. ಒಂದೊಂದು ಅಧ್ಯಯನದಲ್ಲಿ ಕೆಲವು ನೂರು ರೋಗಿಗಳು, ಅಷ್ಟೇ ಸಂಖ್ಯೆಯ ಆರೋಗ್ಯವಂತರು. ಒಂದರಲ್ಲಿ ಅಪಾಯ ಹೆಚ್ಚು ಎಂದು ಬಂದರೆ, ಇನ್ನೊಂದರಲ್ಲಿ ಏನೂ ಇಲ್ಲ. 2002ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು ಜಿಎಸ್‌ಟಿ ಕುರಿತ ಎಲ್ಲ ಪ್ರಬಂಧಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿದಾಗ ಸಾಮಾನ್ಯ ಅಪಾಯಕ್ಕೆ ಸ್ಪಷ್ಟ ಸಂಬಂಧವೇನೂ ಕಾಣಲಿಲ್ಲ. ನಂತರದ ಒಟ್ಟು ವಿಶ್ಲೇಷಣೆಗಳೂ ಹೆಚ್ಚು ಕಡಿಮೆ ಅದನ್ನೇ ಹೇಳಿದವು.

ಆಮೇಲೆ ಕಾಲ ಬದಲಾಯಿತು. ಮೊದಲೇ ಒಂದು ಜೀನನ್ನು ಆರಿಸಿಕೊಂಡು ಹುಡುಕುವ ಬದಲು ಇಡೀ ಜೀನೋಮನ್ನೇ ಜಾಲಾಡುವ ಪದ್ಧತಿ ಬಂತು. 2017ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಅಂಡಾಶಯದ ಕ್ಯಾನ್ಸರಿನ 25 ಸಾವಿರಕ್ಕೂ ಹೆಚ್ಚು ರೋಗಿಗಳು ಮತ್ತು ಸುಮಾರು 41 ಸಾವಿರ ಆರೋಗ್ಯವಂತ ಮಹಿಳೆಯರು ಇದ್ದರು. ಅಂಥ ಅಧ್ಯಯನಗಳು ಗುರುತಿಸಿದ ತಾಣಗಳ ಪಟ್ಟಿಯಲ್ಲಿ ಬಿಎನ್‌ಸಿ2, ಟಿಇಆರ್‌ಟಿ, ಎಚ್‌ಒಎಕ್ಸ್‌ಡಿ ಜೀನುಗಳ ನೆರೆಹೊರೆ ಇದೆ, ಆದರೆ ನಮ್ಮ ಈ ನಿರ್ವಿಷೀಕರಣದ ಜೀನುಗಳು ಇಲ್ಲ.

ಲೆಕ್ಕದ ಮಾಸ್ತರು
ಒಂದು ಆಕ್ಷೇಪ. ಆ ಅಧ್ಯಯನಗಳಲ್ಲಿ ಬಳಸುವ ಜೀನ್ ಚಿಪ್‌ಗಳು ಡಿಎನ್‌ಎಯ ಒಂದೊಂದು ಅಕ್ಷರದ ಬದಲಾವಣೆಯನ್ನು ಓದುತ್ತವೆಯೇ ಹೊರತು, ಇಡೀ ಜೀನೇ ಕಾಣೆಯಾಗಿರುವುದನ್ನು ನೇರವಾಗಿ ಅಳೆಯುವುದಿಲ್ಲ. ಆದ್ದರಿಂದ ‘ಪಟ್ಟಿಯಲ್ಲಿ ಇಲ್ಲ’ ಎಂಬುದು ಜಿಎಸ್‌ಟಿಎಂ1 ವಿಷಯದಲ್ಲಿ ಅಷ್ಟು ಗಟ್ಟಿ ಪುರಾವೆಯಾಗುವುದಿಲ್ಲ. ಮೇಲಾಗಿ ಭಾಗವಹಿಸಿದವರಲ್ಲಿ ಬಹುಪಾಲು ಯುರೋಪ್ ಮೂಲದವರು.

ಪ್ರಯೋಗಶಾಲೆಯ ಮೂಲೆ
ಆಕ್ಷೇಪ ನ್ಯಾಯವಾದದ್ದು. ಆದರೆ ಮೂತ್ರಕೋಶದ ಕ್ಯಾನ್ಸರಿನಲ್ಲಿ ಅದೇ ಜೀನಿನ ಗೈರುಹಾಜರಿಯನ್ನು ಪ್ರತ್ಯೇಕವಾಗಿ ಅಳೆದಾಗ ಸಂಬಂಧ ಎದ್ದು ಕಂಡಿತು; ಅಂಡಾಶಯದಲ್ಲಿ ಅದೇ ರೀತಿ ಪ್ರತ್ಯೇಕವಾಗಿ ಅಳೆದವುಗಳನ್ನು ಕೂಡಿಸಿದರೂ ಕಾಣಲಿಲ್ಲ. ಎನ್‌ಎಟಿ2, ಸಿಒಎಂಟಿ, ಜಿಎಸ್‌ಟಿಪಿ1 ಇವು ಒಂದಕ್ಷರದ ಬದಲಾವಣೆಗಳೇ ಆದ್ದರಿಂದ ಅವುಗಳಿಗೆ ನಿಮ್ಮ ಆಕ್ಷೇಪ ತಾಗುವುದಿಲ್ಲ.

ಇನ್ನೊಂದು ವಿಷಯವನ್ನು ಹೊರಗಿನವರು ಗಮನಿಸುವುದಿಲ್ಲ. ಹಳೆಯ ಪದ್ಧತಿಯಲ್ಲಿ ಈ ಪರೀಕ್ಷೆ ಮಾಡುವಾಗ ಒಂದೇ ಕೊಳವೆಯಲ್ಲಿ ಮೂರು ತುಣುಕುಗಳನ್ನು ವರ್ಧಿಸಿ ಜೆಲ್ ಮೇಲೆ ಓಡಿಸುತ್ತೇವೆ. ಮೇಲೆ 480 ಡಿಎನ್‌ಎ ಅಕ್ಷರಜೋಡಿಗಳ ಉದ್ದದ ಪಟ್ಟೆ ಜಿಎಸ್‌ಟಿಟಿ1, ಕೆಳಗೆ 215ರದ್ದು ಜಿಎಸ್‌ಟಿಎಂ1, ನಡುವೆ 350ರದ್ದು ಆಲ್ಬುಮಿನ್ ಜೀನಿನದು. ಆಲ್ಬುಮಿನ್ ಎಲ್ಲರಲ್ಲೂ ಇರುವುದರಿಂದ ಆ ನಡುವಿನ ಪಟ್ಟೆ ಬರಲೇಬೇಕು. ಅದೂ ಬಾರದಿದ್ದರೆ ಜೀನು ಇಲ್ಲವೆಂದಲ್ಲ, ಪರೀಕ್ಷೆಯೇ ಕೆಟ್ಟಿತೆಂದು ಅರ್ಥ. ಮಾದರಿ ಹಳಸಿದ್ದಾಗ ನಡುವಿನ ಪಟ್ಟೆ ಮಸುಕಾಗಿ ಕಂಡು, ಕೆಳಗಿನದು ಇದೆಯೋ ಇಲ್ಲವೋ ಎಂದು ಇಬ್ಬರು ದೀಪದ ಕೆಳಗೆ ಬಗ್ಗಿ ನೋಡಿ ಜಗಳವಾಡಿದ್ದುಂಟು. ಒಂದು ಪ್ರತಿ ಇರುವವರನ್ನೂ ಎರಡು ಪ್ರತಿ ಇರುವವರನ್ನೂ ಈ ಪದ್ಧತಿ ‘ಇದೆ’ ಎಂದು ಒಂದೇ ಗುಂಪಿಗೆ ಹಾಕುತ್ತದೆ. ಹಳೆಯ ಪ್ರಬಂಧಗಳ ಗೊಂದಲದಲ್ಲಿ ಇದರ ಪಾಲೂ ಇದೆ ಎಂಬುದು ನನ್ನ ಅಭಿಪ್ರಾಯ.

ಬಯಲುಸೀಮೆ ಬೇವು
ನಮ್ಮ ಕಡೆ ಸೋದರಮಾವನನ್ನು, ಅತ್ತೆಯ ಮಗನನ್ನು ಮದುವೆಯಾಗುವ ರೂಢಿ ಇದೆಯಲ್ಲ. ಎರಡೂ ಪ್ರತಿ ಕಾಣೆಯಾಗುವ ಇಂಥ ಜೀನುಗಳು ಅಂಥ ಮನೆಗಳಲ್ಲಿ ಹೆಚ್ಚಾಗುವುದಿಲ್ಲವೇ?

ಲೆಕ್ಕದ ಮಾಸ್ತರು
ಒಳ್ಳೆಯ ಪ್ರಶ್ನೆ, ಮತ್ತು ಇದಕ್ಕೆ ಲೆಕ್ಕ ಉತ್ತರ ಕೊಡುತ್ತದೆ. ನೂರಕ್ಕೆ 30 ಜನರಲ್ಲಿ ಎರಡೂ ಪ್ರತಿ ಇಲ್ಲವೆಂದರೆ, ಕಾಣೆಯಾದ ಪ್ರತಿಯ ಪ್ರಮಾಣ ಸಮುದಾಯದಲ್ಲಿ ಸುಮಾರು 55 ಶೇಕಡ. ಸೋದರಮಾವ-ಸೊಸೆಯ ಮದುವೆಯಿಂದ ಹುಟ್ಟಿದವರಲ್ಲಿ ಒಳಸಂಬಂಧದ ಗುಣಾಂಕ, ಅಂದರೆ ಎರಡೂ ಪ್ರತಿಗಳು ಒಬ್ಬರೇ ಪೂರ್ವಜರಿಂದ ಬಂದಿರುವ ಸಂಭವ, ಎಂಟನೇ ಒಂದು. ಸೂತ್ರಕ್ಕೆ ಹಾಕಿದರೆ 30 ಇದ್ದದ್ದು 33 ಆಗುತ್ತದೆ, ಅಷ್ಟೇ. ಅದೇ ನೂರರಲ್ಲಿ ಒಂದು ಪ್ರತಿ ಮಾತ್ರ ಕೆಟ್ಟಿರುವ ಅಪರೂಪದ ಜೀನಾಗಿದ್ದರೆ ಅದೇ ಮದುವೆಯಲ್ಲಿ ಅಪಾಯ ಸುಮಾರು ಹದಿಮೂರು ಪಟ್ಟಾಗುತ್ತದೆ. ರಕ್ತಸಂಬಂಧದ ಮದುವೆಯ ತೊಂದರೆ ಅಪರೂಪದ ಕಾಯಿಲೆಗಳಲ್ಲಿದೆ, ಇಂಥ ಸರ್ವೇಸಾಮಾನ್ಯ ರೂಪಾಂತರಗಳಲ್ಲಿ ಅಲ್ಲ.

ಅಡುಗೆಮನೆ ಪ್ರಶ್ನೆ
ನನ್ನ ತಾಯಿ ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕೂತವರು. ಆ ಹೊಗೆ, ಈ ಕಿಣ್ವಗಳ ಕೊರತೆ, ಎರಡೂ ಸೇರಿದರೆ ಅಂಡಾಶಯಕ್ಕೆ ಹಾನಿಯಿಲ್ಲವೇ?

ನೇತ್ರಾವತಿ ಕಣಿವೆ
ಸೌದೆ ಹೊಗೆಯ ವಿರುದ್ಧ ಪುರಾವೆ ಇರುವುದು ಮುಖ್ಯವಾಗಿ ಶ್ವಾಸಕೋಶದ ಕಾಯಿಲೆಗಳಲ್ಲಿ. ಅಂಡಾಶಯದ ವಿಷಯದಲ್ಲಿ ಪರಿಸರದ ಕಾರಣವಾಗಿ ಗಟ್ಟಿಯಾಗಿ ನಿಂತಿರುವುದು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಸಿಗರೇಟು ಮ್ಯೂಸಿನಸ್ ಎಂಬ ಒಂದು ಮಾದರಿಯ ಗಡ್ಡೆಗೆ ಮಾತ್ರ ಕಾರಣವೆಂದು ಒಪ್ಪಲಾಗಿದೆ. ಟಾಲ್ಕಂ ಪೌಡರಿನ ಟಾಲ್ಕ್ ಅನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2024ರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗಕ್ಕೆ ಸೇರಿಸಿತು. ಕುತೂಹಲದ ಸಂಗತಿಯೆಂದರೆ, 2008ರಲ್ಲಿ ಅಮೆರಿಕದ ಒಂದು ಅಧ್ಯಯನವು ಜನನಾಂಗದ ಭಾಗಕ್ಕೆ ಟಾಲ್ಕ್ ಬಳಸುತ್ತಿದ್ದ ಮಹಿಳೆಯರಲ್ಲಿ ಜಿಎಸ್‌ಟಿಟಿ1 ಇಲ್ಲದವರಿಗೆ ಆ ಸಂಬಂಧ ಹೆಚ್ಚು ಬಲವಾಗಿ ಕಾಣುತ್ತದೆಂದು ವರದಿ ಮಾಡಿತು. ಆದ್ದರಿಂದಲೇ ನಾನು ಹೇಳುತ್ತಿರುವುದು, ಜೀನನ್ನು ಒಂಟಿಯಾಗಿ ನೋಡಿ ‘ಏನೂ ಇಲ್ಲ’ ಎಂದು ಬಾಗಿಲು ಹಾಕಬಾರದು. ಅದು ಯಾವ ವಿಷದ ಎದುರು ನಿಂತಿದೆ ಎಂಬುದನ್ನೂ ನೋಡಬೇಕು.

ಸಂಶಯಪ್ರಿಯ
ಗುಂಪುಗಳನ್ನು ಹೀಗೆ ಒಡೆಯುತ್ತ ಹೋದರೆ ಯಾವುದಾದರೂ ಒಂದು ಚೂರಿನಲ್ಲಿ ಏನಾದರೊಂದು ಸಿಕ್ಕೇ ಸಿಗುತ್ತದೆ. ಟಾಲ್ಕ್ ಬಳಸಿದವರು, ಅವರಲ್ಲಿ ಜೀನ್ ಇಲ್ಲದವರು, ಅವರಲ್ಲಿ ಇನ್ನೊಂದು ಜೀನ್ ಇರುವವರು, ಕೊನೆಗೆ ಉಳಿಯುವ ತಲೆಗಳೆಷ್ಟು? ಮರುಪರೀಕ್ಷೆಯಲ್ಲಿ ನಿಂತಿದೆಯೇ ಎಂಬುದೊಂದೇ ನನ್ನ ಪ್ರಶ್ನೆ.

ನೇತ್ರಾವತಿ ಕಣಿವೆ
ಸಂಪೂರ್ಣವಾಗಿ ನಿಂತಿಲ್ಲವೆಂದು ಒಪ್ಪುತ್ತೇನೆ. ಆದರೂ ಗಡ್ಡೆಯ ಮಾದರಿಗಳನ್ನು ಬೇರೆ ಬೇರೆ ಮಾಡಿ ನೋಡುವುದು ಅನಗತ್ಯ ಕತ್ತರಿಸುವಿಕೆಯಲ್ಲ. ಅಂಡಾಶಯದ ಕ್ಯಾನ್ಸರ್ ಎಂಬ ಒಂದೇ ಕಾಯಿಲೆ ಇಲ್ಲ. ಅತಿ ಸಾಮಾನ್ಯವಾದ ಉಗ್ರ ಸೀರಸ್ ಮಾದರಿಯು ಬಹಳಷ್ಟು ಸಲ ಗರ್ಭನಾಳದ ತುದಿಯಲ್ಲೇ ಹುಟ್ಟುತ್ತದೆ ಎಂಬುದು ಈಗಿನ ತಿಳಿವಳಿಕೆ. ಎಂಡೊಮೆಟ್ರಿಯಾಯ್ಡ್ ಮತ್ತು ಕ್ಲಿಯರ್ ಸೆಲ್ ಮಾದರಿಗಳಿಗೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ) ಜೊತೆ ನಂಟಿದೆ. 2001ರ ಆಸುಪಾಸಿನ ಪ್ರಬಂಧಗಳಲ್ಲಿ ಜಿಎಸ್‌ಟಿಎಂ1 ಇಲ್ಲದಿರುವಿಕೆಯ ಸುಳಿವು ಸಿಕ್ಕಿದ್ದು ಈ ಎರಡನೆಯ ಗುಂಪಿನಲ್ಲಿಯೇ. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದರೆ ಅಂಥ ಸುಳಿವು ಕರಗಿ ಹೋಗುತ್ತದೆ.

ಇನ್ನೂ ಒಂದು. ಮೇಲೆ ಹೇಳಿದ ಜೀನೋಮ್ ಅಧ್ಯಯನಗಳ ಪಟ್ಟಿಯಲ್ಲಿ ಮೂರನೆಯ ವರ್ಣತಂತುವಿನ ಒಂದು ತಾಣವು ಟಿಐಪಿಎಆರ್‌ಪಿ ಎಂಬ ಜೀನಿನ ಬಳಿಯಿದೆ. ಡಯಾಕ್ಸಿನ್ ಮುಂತಾದ ವಿಷಗಳನ್ನು ಗುರುತಿಸುವ ಎಎಚ್‌ಆರ್ ಎಂಬ ಗ್ರಾಹಕವೇ ಅದನ್ನು ಚಾಲೂ ಮಾಡುವುದು. ಸಿವೈಪಿ1ಎ1 ಅನ್ನು ಎಬ್ಬಿಸುವುದೂ ಅದೇ ಗ್ರಾಹಕ. ಅದರಿಂದ ತೀರ್ಮಾನವೇನೂ ಹೊರಡುವುದಿಲ್ಲ, ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ.

ಕಾಫಿ ಕಣಜ
ನನಗೆ ಅರ್ಥವಾಗದ ಒಂದು ಸಂಗತಿ. ನಿರ್ವಿಷೀಕರಣದ ಕಿಣ್ವ ಚುರುಕಾಗಿದ್ದರೆ ಒಳ್ಳೆಯದು, ಮಂದವಾಗಿದ್ದರೆ ಕೆಟ್ಟದ್ದು, ಇಷ್ಟು ಸರಳವೇ?

ಪ್ರಯೋಗಶಾಲೆಯ ಮೂಲೆ
ಖಂಡಿತ ಅಲ್ಲ, ಮತ್ತು ಇಡೀ ವರದಿಯ ಬುಡ ಅಲುಗುವುದು ಇಲ್ಲಿಯೇ. ಹೊಗೆಯಲ್ಲಿರುವ ಬೆಂಜೊಪೈರೀನ್ ಮೂಲರೂಪದಲ್ಲಿ ಡಿಎನ್‌ಎಗೆ ಅಷ್ಟೇನೂ ಅಂಟುವುದಿಲ್ಲ. ಸಿವೈಪಿ1ಎ1 ಮತ್ತು ಇಪಿಎಚ್‌ಎಕ್ಸ್1 ಎರಡೂ ಸೇರಿ ಅದನ್ನು ‘ಶುದ್ಧೀಕರಿಸಲು’ ಹೋಗಿ ಡಯಾಲ್ ಎಪಾಕ್ಸೈಡ್ ಎಂಬ ಅಂಟುಬುರುಕ ರೂಪಕ್ಕೆ ತರುತ್ತವೆ. ಅದನ್ನು ಜಿಎಸ್‌ಟಿಗಳು ಹಿಡಿಯದಿದ್ದರೆ ಡಿಎನ್‌ಎ ಕೆಡುತ್ತದೆ. ಅಂದರೆ ಮೊದಲ ಹಂತದ ಕಿಣ್ವ ಚುರುಕಾಗಿರುವುದೇ ಕೆಲವೊಮ್ಮೆ ಹಾನಿ. ಇನ್ನು ಜಿಎಸ್‌ಟಿಟಿ1 ಕಿಣ್ವವು ಡೈಕ್ಲೋರೊಮೀಥೇನ್ ಎಂಬ ದ್ರಾವಕವನ್ನು ಹೆಚ್ಚು ಅಪಾಯಕಾರಿಯಾದ ರೂಪಕ್ಕೆ ತಿರುಗಿಸುತ್ತದೆ, ಅಲ್ಲಿ ಆ ಜೀನು ಇಲ್ಲದವರೇ ಅದೃಷ್ಟವಂತರು.

ಕೋಸಿನ ಉದಾಹರಣೆ ಇನ್ನೂ ಸ್ವಾರಸ್ಯವಾದದ್ದು. ಎಲೆಕೋಸು, ಹೂಕೋಸು, ಮೂಲಂಗಿ, ಸಾಸಿವೆ ಇವುಗಳಲ್ಲಿರುವ ಐಸೊಥಯೊಸಯನೇಟುಗಳು ರಕ್ಷಣಾ ಕಿಣ್ವಗಳನ್ನು ಎಬ್ಬಿಸುತ್ತವೆ. ಅವುಗಳನ್ನು ದೇಹದಿಂದ ಹೊರಹಾಕುವುದೂ ಜಿಎಸ್‌ಟಿಗಳೇ. ಜೀನು ಇಲ್ಲದವರಲ್ಲಿ ಅವು ಹೆಚ್ಚು ಹೊತ್ತು ಉಳಿಯುತ್ತವೆಂಬ ಊಹೆಯಿದೆ. ಮಧ್ಯ ಮತ್ತು ಪೂರ್ವ ಯುರೋಪಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೋಸಿನ ಜಾತಿಯ ತರಕಾರಿಗಳು ಶ್ವಾಸಕೋಶದ ಕ್ಯಾನ್ಸರಿನಿಂದ ಕೊಡುವ ರಕ್ಷಣೆಯು ಜಿಎಸ್‌ಟಿಎಂ1 ಇಲ್ಲದವರಲ್ಲಿ ಎದ್ದು ಕಂಡಿತು. ಹಾಗಾದರೆ ತುಂಗಾತೀರರ ತಂಗಿಯ ಕೆಂಪು ಪಟ್ಟಿಯನ್ನು ಕೋಸಿನ ಪಲ್ಯ ತಿನ್ನುವ ದಿನ ಹಸಿರು ಬಣ್ಣದಲ್ಲಿ ಬರೆಯಬೇಕಾಗುತ್ತದೆ!

ಅಡುಗೆಮನೆ ಪ್ರಶ್ನೆ
ನಾಳೆಯಿಂದ ನಮ್ಮ ಮನೆಯಲ್ಲಿ ಮೂಲಂಗಿ ಹುಳಿಗೆ ಯಾರೂ ಮುಖ ಸಿಂಡರಿಸುವಂತಿಲ್ಲ.

ಹಳೇ ಕಂಪೌಂಡರ್
ಎನ್‌ಎಟಿ2 ನಿಧಾನ ಎಂಬುದಕ್ಕೂ ಹೆದರಬೇಡಿ. ಕ್ಷಯರೋಗಕ್ಕೆ ಕೊಡುವ ಐಸೊನಿಯಾಜಿಡ್ ಮಾತ್ರೆಯನ್ನು ಅರಗಿಸುವುದು ಇದೇ ಕಿಣ್ವ. ಮದ್ರಾಸಿನ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರದವರು 1960ರ ದಶಕದಲ್ಲಿಯೇ ದಕ್ಷಿಣ ಭಾರತದ ರೋಗಿಗಳಲ್ಲಿ ಇದನ್ನು ಅಳೆದರು. ಸುಮಾರು 60 ಶೇಕಡ ಜನ ನಿಧಾನದ ಗುಂಪಿನವರು. ಅಂಥವರಿಗೆ ಕೈಕಾಲು ಜೋಮು ಹಿಡಿಯುವ ಸಂಭವ ಹೆಚ್ಚಾದ್ದರಿಂದ ಜೊತೆಗೆ ಪಿರಿಡಾಕ್ಸಿನ್ ಕೊಡುತ್ತಾರೆ. ಈ ಜೀನುಗಳ ಮಾಹಿತಿಯಿಂದ ನಿಜವಾದ ಉಪಯೋಗ ಔಷಧದ ಪ್ರಮಾಣದ ವಿಷಯದಲ್ಲಿದೆ, ಭವಿಷ್ಯ ಹೇಳುವುದರಲ್ಲಿ ಅಲ್ಲ.

ಕಾಫಿ ಕಣಜ
ಹಾಗಾದರೆ ಅಂಡಾಶಯದ ಕ್ಯಾನ್ಸರಿನ ಕೀಮೋಗೂ ಇದು ಅನ್ವಯಿಸಬೇಕಲ್ಲವೇ? ಅದರಲ್ಲಿ ಕೊಡುವ ಪ್ಲಾಟಿನಂ ಔಷಧವಾದ ಕಾರ್ಬೊಪ್ಲಾಟಿನ್ ಕೂಡ ಗ್ಲುಟಾಥಯೋನಿಗೆ ಅಂಟಿಕೊಳ್ಳುತ್ತದೆಂದು ಓದಿದ್ದೇನೆ.

ಪ್ರಯೋಗಶಾಲೆಯ ಮೂಲೆ
ತರ್ಕ ಸರಿಯಾಗಿದೆ. ಪ್ಲಾಟಿನಂ ಔಷಧಗಳನ್ನು ಗ್ಲುಟಾಥಯೋನ್ ಹಿಡಿದರೆ ಔಷಧದ ಪೆಟ್ಟು ಕಡಿಮೆಯಾಗುತ್ತದೆ, ಆದ್ದರಿಂದ ಜಿಎಸ್‌ಟಿ ಮಂದವಾಗಿರುವ ರೋಗಿಗೆ ಚಿಕಿತ್ಸೆ ಹೆಚ್ಚು ಫಲಿಸಬಹುದು, ಅಡ್ಡಪರಿಣಾಮವೂ ಹೆಚ್ಚಬಹುದು. ಜಿಎಸ್‌ಟಿಪಿ1ರ 105ನೆಯ ಸ್ಥಾನದ ಬದಲಾವಣೆಯ ಮೇಲೆ ಹೀಗೆ ಹಲವು ಅಧ್ಯಯನಗಳು ನಡೆದವು. ಫಲಿತಾಂಶಗಳು ಒಂದರೊಂದಿಗೆ ಒಂದು ಹೊಂದಲಿಲ್ಲ. ಇದನ್ನು ನೋಡಿ ಕೀಮೋ ಪ್ರಮಾಣ ನಿರ್ಧರಿಸುವ ಪದ್ಧತಿ ಬಂದಿಲ್ಲ.

ದಾವಣಗೆರೆ ದಾರಿ
ಇಷ್ಟೆಲ್ಲ ಚರ್ಚೆ ಯಾಕೆ? ಕ್ಯಾನ್ಸರ್ ಬಂದದ್ದು ತಂದೆಯ ಕಡೆಯ ಅತ್ತೆಗೆ. ಹೆಂಗಸರ ಕಾಯಿಲೆ ತಾಯಿಯ ಕಡೆಯಿಂದ ಬರುತ್ತದೆಯೇ ಹೊರತು ತಂದೆಯ ಕಡೆಯಿಂದಲ್ಲ. ತಂಗಿ ನಿಶ್ಚಿಂತೆಯಿಂದ ಇರಲಿ.

ಸಮಾಲೋಚನೆಯ ಕೋಣೆ
ದಾವಣಗೆರೆ ದಾರಿಯವರ ಮಾತು ಅಪಾಯಕಾರಿಯಾಗಿ ತಪ್ಪು. ನಾನು ಆನುವಂಶಿಕ ಸಮಾಲೋಚನೆಯ ಕೆಲಸದಲ್ಲಿರುವವಳು. ಇಲ್ಲಿಯವರೆಗೆ ಸುಮ್ಮನೆ ಓದುತ್ತಿದ್ದೆ, ಇದನ್ನು ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ.

ಅಂಡಾಶಯದ ಮತ್ತು ಸ್ತನದ ಕ್ಯಾನ್ಸರಿನ ಅಪಾಯವನ್ನು ವಂಶದಲ್ಲಿ ದಾಟಿಸುವ ಜೀನುಗಳಲ್ಲಿ ಮುಖ್ಯವಾದವು ಬಿಆರ್‌ಸಿಎ1 ಮತ್ತು ಬಿಆರ್‌ಸಿಎ2. ಬಿಆರ್‌ಸಿಎ1 ಇರುವುದು 17ನೆಯ ವರ್ಣತಂತುವಿನಲ್ಲಿ, ಬಿಆರ್‌ಸಿಎ2 ಇರುವುದು 13ರಲ್ಲಿ. ಎರಡೂ ಲಿಂಗ ವರ್ಣತಂತುಗಳಲ್ಲ. ತಂದೆಯಲ್ಲಿ ದೋಷವಿದ್ದರೆ ಪ್ರತಿ ಮಗುವಿಗೂ ಅದು ದಾಟುವ ಸಂಭವ ಅರ್ಧಕ್ಕರ್ಧ. ತಂದೆಗೆ ಅಂಡಾಶಯವಿಲ್ಲದ ಕಾರಣ ಕಾಯಿಲೆ ಒಂದು ತಲೆಮಾರು ಕಣ್ಣಿಗೆ ಬೀಳದೆ ಹೋಗುತ್ತದೆ, ಅಷ್ಟೇ. ಕುಟುಂಬದ ಚರಿತ್ರೆ ಕೇಳುವಾಗ ತಂದೆಯ ಕಡೆಯ ಸೋದರತ್ತೆಯರನ್ನು, ಅಜ್ಜಿಯನ್ನು ಮರೆಯುವುದು ನಾನು ಅತಿ ಹೆಚ್ಚಾಗಿ ಕಾಣುವ ಲೋಪ.

ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಭಾರತದಲ್ಲಿ ಒಬ್ಬ ಸಾಮಾನ್ಯ ಮಹಿಳೆಗೆ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಬರುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ. ಬಿಆರ್‌ಸಿಎ1 ದೋಷವಿದ್ದವರಿಗೆ 80 ವರ್ಷದೊಳಗೆ ಅದು ಸುಮಾರು 44 ಶೇಕಡ, ಬಿಆರ್‌ಸಿಎ2 ದೋಷವಿದ್ದವರಿಗೆ ಸುಮಾರು 17. ಜಿಎಸ್‌ಟಿಎಂ1 ಇಲ್ಲದಿರುವುದರಿಂದ ಅಪಾಯ ಶೇಕಡ 20ರಷ್ಟು ಏರುತ್ತದೆಂದು ವಾದಕ್ಕಾಗಿ ಒಪ್ಪಿಕೊಂಡರೂ, ನೂರಕ್ಕೆ ಒಂದಕ್ಕಿಂತ ಕಡಿಮೆ ಇದ್ದದ್ದು ನೂರಕ್ಕೆ ಒಂದರ ಅಕ್ಕಪಕ್ಕದಲ್ಲಿಯೇ ಉಳಿಯುತ್ತದೆ. ವರದಿ ಕೊಟ್ಟವರು ನೋಡಬೇಕಾದ ಜೀನನ್ನು ನೋಡದೆ, ನೋಡಿ ಪ್ರಯೋಜನವಿಲ್ಲದ್ದಕ್ಕೆ ಕೆಂಪು ಬಳಿದಿದ್ದಾರೆ.

ತುಂಗಾತೀರ
ಹಾಗಾದರೆ ತಂಗಿ ಈಗಲೇ ಬಿಆರ್‌ಸಿಎ ಪರೀಕ್ಷೆ ಮಾಡಿಸಿಕೊಳ್ಳಬೇಕೇ? ನಾನೂ ಮಾಡಿಸಬೇಕೇ?

ಸಮಾಲೋಚನೆಯ ಕೋಣೆ
ಮೊದಲು ನಿಮ್ಮ ಅತ್ತೆ ಮಾಡಿಸಬೇಕು. ಕಾಯಿಲೆ ಬಂದವರಲ್ಲಿ ದೋಷ ಸಿಕ್ಕರೆ, ಉಳಿದವರಲ್ಲಿ ಅದೊಂದನ್ನೇ ಹುಡುಕಿ ‘ಇದೆ’ ಅಥವಾ ‘ಇಲ್ಲ’ ಎಂದು ಖಚಿತವಾಗಿ ಹೇಳಬಹುದು. ಅವರನ್ನು ಬಿಟ್ಟು ತಂಗಿಯನ್ನು ಪರೀಕ್ಷಿಸಿ ‘ಇಲ್ಲ’ ಎಂದು ಬಂದರೆ, ಮನೆಯಲ್ಲಿ ದೋಷವೇ ಇಲ್ಲವೋ, ಇದ್ದು ಇವಳಿಗೆ ಬಂದಿಲ್ಲವೋ ತಿಳಿಯದು. ಅಂಡಾಶಯದ ಎಪಿಥೀಲಿಯಲ್ (ಅತಿ ಸಾಮಾನ್ಯವಾದ, ಹೊದಿಕೆ ಪದರದ ಜೀವಕೋಶಗಳ ಮಾದರಿಯ) ಕ್ಯಾನ್ಸರ್ ಬಂದ ಎಲ್ಲರಿಗೂ, ಕುಟುಂಬದ ಚರಿತ್ರೆ ಇರಲಿ ಬಿಡಲಿ, ಈ ಪರೀಕ್ಷೆಯನ್ನು ಸಲಹೆ ಮಾಡುತ್ತಾರೆ. ಭಾರತೀಯ ರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗದವರಲ್ಲಿ ಬಿಆರ್‌ಸಿಎ ದೋಷ ಕಂಡಿದೆ. ಅತ್ತೆಯವರಿಗೂ ಪ್ರಯೋಜನವಿದೆ: ದೋಷವಿದ್ದರೆ ಒಲಾಪರಿಬ್‌ನಂಥ ಔಷಧಗಳು ಹೆಚ್ಚು ಫಲಕಾರಿ. ಜೊತೆಗೆ ಆರ್‌ಎಡಿ51ಸಿ, ಆರ್‌ಎಡಿ51ಡಿ, ಬಿಆರ್‌ಐಪಿ1 ಮತ್ತು ಲಿಂಚ್ ಸಿಂಡ್ರೋಮಿನ (ಕರುಳು, ಗರ್ಭಕೋಶ ಮುಂತಾದ ಕ್ಯಾನ್ಸರುಗಳ ಆನುವಂಶಿಕ ಸ್ಥಿತಿಯ) ಜೀನುಗಳನ್ನೂ ಅದೇ ಪರೀಕ್ಷೆಯಲ್ಲಿ ನೋಡುತ್ತಾರೆ.

ಅಡುಗೆಮನೆ ಪ್ರಶ್ನೆ
ಅಲ್ಲಿಯವರೆಗೆ ವರ್ಷಕ್ಕೊಮ್ಮೆ ಸಿಎ-125 (ಅಂಡಾಶಯದ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಏರುವ ಪ್ರೋಟೀನು) ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದರೆ ಸಾಲದೇ?

ಸಮಾಲೋಚನೆಯ ಕೋಣೆ
ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಸಾಮಾನ್ಯ ಅಪಾಯದ ಮಹಿಳೆಯರ ಮೇಲೆ ಇದನ್ನೇ ಪರೀಕ್ಷಿಸಿ 2021ರಲ್ಲಿ ಅಂತಿಮ ಫಲಿತಾಂಶ ಪ್ರಕಟಿಸಿದರು. ಸಾವು ಕಡಿಮೆಯಾಗಲಿಲ್ಲ. ದೋಷ ಖಚಿತವಾದವರಿಗೆ, ಮಕ್ಕಳು ಸಾಕೆಂದ ಮೇಲೆ, ಬಿಆರ್‌ಸಿಎ1 ಆದರೆ 35ರಿಂದ 40ರೊಳಗೆ, ಬಿಆರ್‌ಸಿಎ2 ಆದರೆ 40ರಿಂದ 45ರೊಳಗೆ ಗರ್ಭನಾಳ ಮತ್ತು ಅಂಡಾಶಯಗಳನ್ನು ತೆಗೆಸುವುದೇ ಈಗಿರುವ ಭರವಸೆಯ ದಾರಿ. ಅಪಾಯ ತಗ್ಗಿಸುವ ಬೇರೆ ಸಂಗತಿಗಳಲ್ಲಿ ಗರ್ಭನಿರೋಧಕ ಮಾತ್ರೆಯ ದೀರ್ಘ ಬಳಕೆ, ಹೆರಿಗೆ ಮತ್ತು ಟ್ಯೂಬೆಕ್ಟಮಿಗೆ ಪುರಾವೆ ಇದೆ. ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ಶುರುಮಾಡಬೇಡಿ. ಹೊಟ್ಟೆಯುಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರ, ಇವು ಕೆಲವು ವಾರಗಳಾದರೂ ಬಿಡದಿದ್ದರೆ ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕದೆ ಸ್ತ್ರೀರೋಗ ತಜ್ಞರ ಬಳಿ ಹೋಗಿ.

ಲೆಕ್ಕದ ಮಾಸ್ತರು
ಬಿಆರ್‌ಸಿಎ ವರದಿಯಲ್ಲಿ ಕೆಲವೊಮ್ಮೆ ‘ಅರ್ಥ ಅನಿಶ್ಚಿತ’ ಎಂಬ ರೂಪಾಂತರ ಬರುತ್ತದಲ್ಲ, ಅದನ್ನು ಹೇಗೆ ತೆಗೆದುಕೊಳ್ಳಬೇಕು?

ಸಮಾಲೋಚನೆಯ ಕೋಣೆ
ನಮ್ಮವರಲ್ಲಿ ಅದು ಹೆಚ್ಚಾಗಿಯೇ ಬರುತ್ತದೆ, ಏಕೆಂದರೆ ಹೋಲಿಸಿ ನೋಡುವ ದತ್ತಾಂಶದಲ್ಲಿ ಯುರೋಪ್ ಮೂಲದವರೇ ತುಂಬಿದ್ದಾರೆ. ಅಂಥ ವರದಿ ಬಂದರೆ ಅದನ್ನು ದೋಷವೆಂದು ಎಣಿಸಬಾರದು, ಅದರ ಆಧಾರದ ಮೇಲೆ ಯಾವ ಅಂಗವನ್ನೂ ತೆಗೆಸಬಾರದು. ಕುಟುಂಬದ ಚರಿತ್ರೆಯನ್ನೇ ಆಧಾರವಾಗಿಟ್ಟುಕೊಂಡು ಮುಂದುವರಿಯಬೇಕು. ವರ್ಷಗಳ ನಂತರ ಆ ರೂಪಾಂತರದ ವರ್ಗೀಕರಣ ಬದಲಾಗುವುದುಂಟು, ಬಹಳಷ್ಟು ಸಲ ನಿರುಪದ್ರವಿ ಎಂಬ ಕಡೆಗೇ. ಆದ್ದರಿಂದ ವರದಿಯ ಪ್ರತಿಯನ್ನು ಇಟ್ಟುಕೊಂಡು ಎರಡು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿದವರನ್ನು ವಿಚಾರಿಸಿ.

ತುಂಗಾತೀರ
ಅತ್ತೆಯವರಿಗೆ ಫೋನ್ ಮಾಡಿದೆ. ಮುಂದಿನ ತಪಾಸಣೆಗೆ ಹೋದಾಗ ವೈದ್ಯರನ್ನು ಕೇಳುತ್ತೇನೆಂದು ಒಪ್ಪಿದ್ದಾರೆ. ಅವರ ಹಳೆಯ ಬಯಾಪ್ಸಿ ವರದಿಯಲ್ಲಿ ‘ಉಗ್ರ ಸೀರಸ್’ ಎಂದಿದೆ. ರಕ್ತದ ಮಾದರಿಯೇ ಬೇಕೇ, ಅಥವಾ ಆಸ್ಪತ್ರೆಯಲ್ಲಿ ಉಳಿದಿರುವ ಗಡ್ಡೆಯ ತುಣುಕು ಸಾಕೇ?

ಸಮಾಲೋಚನೆಯ ಕೋಣೆ
ನಿಮ್ಮ ಪ್ರಶ್ನೆಗೆ ರಕ್ತವೇ ಬೇಕು. ಗಡ್ಡೆಯಲ್ಲಿ ಮಾತ್ರ ಹುಟ್ಟಿಕೊಂಡ ದೋಷವು ಸೋದರನ ಮಕ್ಕಳಿಗೆ ದಾಟುವುದಿಲ್ಲ, ಆದ್ದರಿಂದ ತುಣುಕಿನಲ್ಲಿ ಏನೇ ಸಿಕ್ಕರೂ ರಕ್ತದಲ್ಲಿ ಮತ್ತೊಮ್ಮೆ ಖಚಿತಪಡಿಸಲೇಬೇಕಾಗುತ್ತದೆ.